ವಸುಂಧರಾಗೆ ದೃಷ್ಟಿ ತೆಗೆದಿದ್ದು

ವಸುಂಧರಾಗೆ ದೃಷ್ಟಿ ತೆಗೆಯುವ ಕೆಲಸ ಕೊನೆಗೂ ನನ್ನ ತಲೆಗೇ ಬಂತು. ಇಡೀ ಬರ್ಮಿಂಗ್‌ಹ್ಯಾಮಿನಲ್ಲಿ ಆ ಕೆಲಸಕ್ಕೆ ನನ್ನಷ್ಟು ನಾಲಾಯಕ್ಕಾದವಳು ಇನ್ನೊಬ್ಬಳು ಇರಲಿಲ್ಲ. ಆದರೆ ಅದನ್ನು ಅವಳ ಅತ್ತೆಗೆ ಬಾಯಿಬಿಟ್ಟು ಹೇಳುವುದು ಹೇಗೆ?

ಅತ್ತೆ ಭಾಗೀರಥಮ್ಮ ಶನಿವಾರ ಬೆಳಿಗ್ಗೆ ಫೋನ್ ಮಾಡಿದಾಗ ನಾನು ಹಾರ್ಬೋರ್ನಿನ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಅವರು ವಿಸಿಟರ್ ವೀಸಾ ಮೇಲೆ ಮೈಸೂರಿನಿಂದ ಬಂದು, ನಮ್ಮ ರಸ್ತೆಯ ಆಚೆ ತುದಿಯಲ್ಲಿದ್ದ ಮಗ-ಸೊಸೆಯ ಮನೆಯಲ್ಲಿ ಬೇಸಿಗೆಯಿಂದ ಇದ್ದರು.

"ರಾಜೇಶ್ವರೀ, ಒಂದ್ಸಲ ಬಂದು ಹೋಗಮ್ಮ. ವಸುಂಧರಾಗೆ ಗಂಟಲೇ ಕಟ್ಕೊಂಡುಬಿಟ್ಟಿದೆ. ಮಧ್ಯಾಹ್ನ ಭಾಷಣ ಬೇರೆ ಮಾಡಬೇಕು. ಹೋದ ವಾರ ಕಾರು ಗುದ್ದಿಸ್ಕೊಂಡ್ಲು, ಮೊನ್ನೆ ಮೆಟ್ಲಲ್ಲಿ ಕಾಲು ಉಳುಕಿಸ್ಕೊಂಡ್ಲು. ಇದು ದೃಷ್ಟಿನೇ. ನನಗೆ ಭುಜ ಹಿಡ್ಕೊಂಡು ಕೈ ಮೇಲಕ್ಕೇ ಏಳಲ್ಲ. ನೀನು ಅವಳಿಗಿಂತ ದೊಡ್ಡವಳು, ನೀನೇ ನಿವಾಳಿಸಿ ಹಾಕ್ಬೇಕು."

ದೊಡ್ಡವಳು ಅನ್ನುವ ಮಾತು ಚುಚ್ಚಿತು. ನಾನು ಅವಳಿಗಿಂತ ದೊಡ್ಡವಳಾಗಿ ಉಳಿದಿದ್ದು ವಯಸ್ಸೊಂದರಲ್ಲೇ, ಅದೂ ಕೆಲವೇ ತಿಂಗಳು.

ನನ್ನ ಗಂಡ ಅನಂತ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಜನರನ್ನು ಮಲಗಿಸುವುದು ಅವರ ಉದ್ಯೋಗ, ಮನೆಯಲ್ಲೂ ಅದೇ ಪ್ರಯತ್ನ ಮಾಡುತ್ತಾರೆ. "ಹೋಗಿ ತೆಗೆದು ಬಾ. ನಿನಗೇನು ಕಷ್ಟ?" ಎಂದರು, ಪೇಪರಿನಿಂದ ತಲೆ ಎತ್ತದೆ.

"ಕಷ್ಟ ಏನಿದೆ," ಎಂದೆ. ಹೆಂಚಿನ ಮೇಲಿನ ದೋಸೆ ಸೀದುಹೋಗಿತ್ತು.

ನನ್ನ ಹೊಟ್ಟೆಕಿಚ್ಚು ಸುಮ್ಮನೆ ಹುಟ್ಟಿದ್ದಲ್ಲ. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಕ್ಲಾಸಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ರ‍್ಯಾಂಕ್ ಬಂದದ್ದು ನನಗೆ. ಅವಳು ನನ್ನ ಲ್ಯಾಬ್ ರೆಕಾರ್ಡ್ ನೋಡಿ ಬರೆದುಕೊಂಡು ಪಾಸಾದವಳು. ಇಬ್ಬರೂ ವಿದ್ಯುತ್ ಮಂಡಳಿಗೆ ಸಹಾಯಕ ಎಂಜಿನಿಯರುಗಳಾಗಿ ಒಟ್ಟಿಗೇ ಸೇರಿದೆವು, ಇಬ್ಬರೂ ಡಾಕ್ಟರುಗಳನ್ನು ಮದುವೆಯಾದೆವು, ಗಂಡಂದಿರ ಹಿಂದೆ ಈ ಊರಿಗೆ ಬಂದೆವು. ಅಲ್ಲಿಗೆ ಸರಿಸಮ ಮುಗಿಯಿತು. ಆಸ್ಪತ್ರೆಯಲ್ಲಿ ನನ್ನ ಗಂಡನ ಡ್ಯೂಟಿ ಪಾಳಿ ಹೇಗೆ ತಿರುಗುತ್ತದೋ ಹಾಗೆ ನಮ್ಮ ಮನೆಯೂ ತಿರುಗಬೇಕಾಗಿದ್ದರಿಂದ ನಾನು ಹತ್ತಿರದ ಸ್ಕೂಲಿನಲ್ಲಿ ಗಣಿತದ ಟೀಚರಾದೆ. ವಸುಂಧರಾ ಮಗಳನ್ನು ಗಂಡ ಉಮೇಶನ ಕೈಗೆ ಕೊಟ್ಟು, ದಿನಾ ಕೊವೆಂಟ್ರಿಗೆ ಹೋಗಿ ಬಂದು ಇನ್ನೊಂದು ಡಿಗ್ರಿ ಮಾಡಿದಳು.

ಆಮೇಲೆ ಕರೆಂಟು ಗ್ರಾಹಕರ ದೂರು ಕೇಳುವ ಆಫೀಸಿನಲ್ಲಿ ಒಂದು ಸಣ್ಣ ಕೆಲಸ ಹಿಡಿದಳು. ಅಲ್ಲಿಂದ, ಕರೆಂಟು ಮತ್ತು ಗ್ಯಾಸಿನ ಕಂಪನಿಗಳು ಜನರಿಂದ ಎಷ್ಟು ವಸೂಲು ಮಾಡಬಹುದು, ಯಾರ ಮನೆಯ ಕರೆಂಟು ಕತ್ತರಿಸಬಾರದು ಎಂದು ತೀರ್ಮಾನಿಸುವ ಸರ್ಕಾರಿ ನಿಯಂತ್ರಣ ಸಂಸ್ಥೆಗೆ ಹೋದಳು. ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಅದರ ಬೋರ್ಡಿನ ಸದಸ್ಯೆಯೇ ಆಗಿಬಿಟ್ಟಳು. ದೊಡ್ಡ ದೊಡ್ಡ ಕಂಪನಿಗಳ ಯಜಮಾನರು ಅವಳ ಎದುರು ಕೈಕಟ್ಟಿ ಉತ್ತರ ಹೇಳುತ್ತಿದ್ದರಂತೆ. ಅವಳು ಟೀವಿಯಲ್ಲಿ ಬಂದಾಗಲೆಲ್ಲ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆ ತಟ್ಟುವ ಚಿತ್ರಗಳು ಬರುತ್ತಿದ್ದವು. ನಾನೂ ಒಂದು ಹಾಕುತ್ತಿದ್ದೆ. ಹಾಕದಿದ್ದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ.

2014ರ ಹೊತ್ತಿಗೆ ಅವಳಿಗೆ ಬೋರ್ಡೂ ಸಾಲದಾಯಿತು. ಮುಂದಿನ ವರ್ಷದ ಚುನಾವಣೆಯಲ್ಲಿ ನಮ್ಮ ಭಾಗದಿಂದ ಪಾರ್ಲಿಮೆಂಟಿಗೆ ನಿಲ್ಲುತ್ತೇನೆ ಎಂದಳು. ಪಕ್ಷದ ಟಿಕೆಟ್ ಯಾರಿಗೆ ಎನ್ನುವುದನ್ನು ಸ್ಥಳೀಯ ಸದಸ್ಯರೇ ಸಭೆ ಸೇರಿ ಓಟು ಹಾಕಿ ನಿರ್ಧರಿಸುತ್ತಾರೆ, ಆ ಸಭೆ ಈ ಶನಿವಾರವೇ ಮಧ್ಯಾಹ್ನವಿತ್ತು. ನಿಯಂತ್ರಣ ಸಂಸ್ಥೆಯಲ್ಲಿ ಇದ್ದುಕೊಂಡು ಪಕ್ಷದ ಟಿಕೆಟ್ ಕೇಳುವ ಹಾಗಿಲ್ಲ. ಅವಳು ರಾಜೀನಾಮೆ ಕೊಟ್ಟು ಬಂದಿದ್ದಳು. ಟಿಕೆಟ್ ಸಿಕ್ಕರೆ ಪಾರ್ಲಿಮೆಂಟು, ಸಿಗದಿದ್ದರೆ ಇಷ್ಟು ವರ್ಷ ಕಟ್ಟಿದ್ದೆಲ್ಲ ಅಲ್ಲಿಗೆ ಮುಗಿದು ಮನೆಯಲ್ಲಿ ಕೂರಬೇಕು. ಆ ಸಭೆಯಲ್ಲಿ ನನಗೂ ಒಂದು ಓಟಿತ್ತು. ಆ ಪಕ್ಷಕ್ಕೂ ಅವಳಿಗಿಂತ ಮೊದಲು ಸೇರಿದವಳು ನಾನೇ.

ನನ್ನ ಪಾಲಿಗೆ ಉಳಿದಿದ್ದು ಒಂದೇ ಒಂದು ಕಥೆ. ಮೈಸೂರಿನಲ್ಲಿ ಬಿಲ್ಲು ಕಟ್ಟದವರ ಮನೆಗಳ ಫ್ಯೂಸು ಕಿತ್ತು ತರುವ ಕೆಲಸ ನಡೆಯುತ್ತಿದ್ದಾಗಿನದು. ಲೈನ್‌ಮನ್ ಒಂದು ವಠಾರದ ಮನೆಯ ಫ್ಯೂಸು ಕಿತ್ತು ತಂದಿದ್ದ. ಆ ಮನೆಯಲ್ಲಿ ಹಸೀ ಬಾಣಂತಿ ಇದ್ದಾಳೆ, ಮಗು ಕತ್ತಲಲ್ಲಿ ಅಳುತ್ತಿದೆ ಎಂದು ಸಂಜೆ ಗೊತ್ತಾಯಿತು. ನಾನು ಆ ಫ್ಯೂಸನ್ನು ವಾಪಸು ತೆಗೆದುಕೊಂಡು ಹೋಗಿ, ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ನನ್ನ ಕೈಯಾರೆ ಹಾಕಿ ಬಂದೆ. ಬಾಣಂತಿಯ ಕೋಣೆಯ ಬಲ್ಬು ಹತ್ತಿತು. ಆಫೀಸಿನಲ್ಲಿ ನನಗೆ ಮೆಮೊ ಕೊಟ್ಟರು, ಇನ್‌ಕ್ರಿಮೆಂಟ್ ತಡೆದರು. ಯುಗಾದಿ, ದೀಪಾವಳಿ, ಯಾರ ಮನೆಯ ಊಟವಿರಲಿ, ಈ ಕಥೆಯನ್ನು ನಾನು ಹೇಳದೆ ಎದ್ದವಳಲ್ಲ. ಅನಂತ ಅದನ್ನು ನನ್ನ ಜೊತೆಜೊತೆಗೇ ತುಟಿ ಆಡಿಸಿಕೊಂಡು ಹೇಳಬಲ್ಲರು.

ಅವತ್ತು ವಸುಂಧರಾಳ ಮನೆಗೆ ಹೋದರೆ ಅಲ್ಲಿ ಬೆಂಕಿಯೇ ಇರಲಿಲ್ಲ. ಕರೆಂಟಿನ ಲೆಕ್ಕಾಚಾರದವಳ ಅಡುಗೆಮನೆ, ಗ್ಯಾಸು ತೆಗೆಸಿ ಇಂಡಕ್ಷನ್ ಒಲೆ ಹಾಕಿಸಿದ್ದಳು. ಉಮೇಶ ಪೆಟ್ರೋಲ್ ಬಂಕಿಗೆ ಓಡಿ, ಒಂದು ಸಲ ಉರಿಸಿ ಎಸೆಯುವ ಬಾರ್ಬೆಕ್ಯೂ ತಟ್ಟೆ ತಂದು ಹಿತ್ತಲಿನಲ್ಲಿ ಹಚ್ಚಿಟ್ಟಿದ್ದ. ಅಕ್ಟೋಬರಿನ ತುಂತುರು ಹನಿಯಲ್ಲಿ ಕೊಡೆ ಹಿಡಿದು ಅದನ್ನು ಕಾಯುತ್ತಿದ್ದ ಅವನನ್ನು ನೋಡಿ ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ, ಸಾಸೇಜು ಯಾವಾಗ ಎಂದು ಕೇಳಿದ.

ವಸುಂಧರಾ ಮಾವಿನೆಲೆ ಹಸಿರಿನ ಮೈಸೂರು ಸಿಲ್ಕ್ ಉಟ್ಟು ಮೇಲೆ ಕಪ್ಪು ಕೋಟು ಹಾಕಿದ್ದಳು. ಗಂಟಲು ಕಟ್ಟಿದ್ದರೂ, ಕಾಲು ಕುಂಟುತ್ತಿದ್ದರೂ ನೋಡಲು ಲಕ್ಷಣವಾಗಿದ್ದಳು. ಒಂದು ದಿನವಾದರೂ ಕೆಟ್ಟದಾಗಿ ಕಾಣುವ ಸೌಜನ್ಯ ಅವಳಿಗಿಲ್ಲ.

"ಸಾರಿ ಕಣೇ ರಾಜಿ, ನಮ್ಮತ್ತೆ ಬಿಡ್ತಿಲ್ಲ. ಬೇಗ ಮಾಡ್ಬಿಡು," ಎಂದಳು ಗೊಗ್ಗರು ದನಿಯಲ್ಲಿ.

ಭಾಗೀರಥಮ್ಮ ಡಬ್ಬದಿಂದ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ತೆಗೆದು ನನ್ನ ಅಂಗೈಗೆ ಹಾಕಿದರು. "ನಾನು ಹೇಳಿದ ಹಾಗೇ ಹೇಳ್ಕೊಂಡು ಇಳಿ ತೆಗಿ. ಬಂದವರ ಕಣ್ಣು, ಹೋದವರ ಕಣ್ಣು, ಬೀದಿಯವರ ಕಣ್ಣು, ನೆಂಟರ ಕಣ್ಣು, ಗೆಳತೀರ ಕಣ್ಣು, ಎಲ್ಲಾ ಸುಟ್ಟುಹೋಗ್ಲಿ."

ನಾನು ಮುಷ್ಟಿಯನ್ನು ಅವಳ ತಲೆಯಿಂದ ಕಾಲಿನವರೆಗೆ ಸುತ್ತಿಸುತ್ತಾ ಹೇಳಿದೆ. ಬಂದವರ ಕಣ್ಣು, ಹೋದವರ ಕಣ್ಣು, ಬೀದಿಯವರ ಕಣ್ಣು, ನೆಂಟರ ಕಣ್ಣು, ಎಲ್ಲಾ ಸುಟ್ಟುಹೋಗಲಿ. ಒಂದು ಕಣ್ಣು ನಾಲಿಗೆಯ ಮೇಲೆ ಬರಲಿಲ್ಲ. ಭಾಗೀರಥಮ್ಮ ನನ್ನನ್ನು ಒಮ್ಮೆ ನೋಡಿದರು. ವಸುಂಧರಾ ಮುಷ್ಟಿಗೆ ಮೂರು ಸಲ ಥೂ ಥೂ ಎಂದಳು, ನಾನು ಹಿತ್ತಲಿಗೆ ಹೋಗಿ ಕೆಂಡಕ್ಕೆ ಹಾಕಿದೆ.

ಮೆಣಸಿನಕಾಯಿ ಸುಟ್ಟರೆ ಘಾಟು ಮೂಗಿಗೆ ಹೊಡೆದು ಕೆಮ್ಮು ಬರಬೇಕು. ಬರದಿದ್ದರೆ ದೃಷ್ಟಿ ಜೋರಾಗಿದೆ ಎಂದು ಅರ್ಥ. ಮೆಣಸಿನಕಾಯಿ ಚಟಪಟ ಎಂದು ಕಪ್ಪಾದವು. ಯಾರೂ ಕೆಮ್ಮಲಿಲ್ಲ.

"ನೋಡಿದ್ಯಾ? ಘಾಟೇ ಇಲ್ಲ," ಎಂದರು ಭಾಗೀರಥಮ್ಮ ಬಾಗಿಲಲ್ಲಿ ನಿಂತು.

"ಬಯಲಲ್ವಾಮ್ಮ, ಗಾಳಿಗೆ ಹೋಗಿರತ್ತೆ. ಹನಿ ಬೇರೆ ಬೀಳ್ತಿದೆ. ಅದೂ ಅಲ್ದೆ ಇದು ಬ್ಯಾಡಗಿ, ಖಾರ ಕಮ್ಮಿ."

"ಇರಬಹುದು," ಎಂದು ಅವರು ಒಳಗೆ ಹೋದರು.

ಸಭೆ ಇದ್ದದ್ದು ಸೆಲ್ಲಿ ಓಕ್ ಕಡೆಯ ಒಂದು ಚರ್ಚಿನ ಹಾಲಿನಲ್ಲಿ. ಮಡಚುವ ಕುರ್ಚಿಗಳು, ಮೂಲೆಯಲ್ಲಿ ಚಹದ ದೊಡ್ಡ ಬಾಯ್ಲರು, ತಟ್ಟೆ ತುಂಬ ಬಿಸ್ಕತ್ತು. ಟಿಕೆಟ್ಟಿಗೆ ಇದ್ದವರು ಇಬ್ಬರೇ. ಒಬ್ಬ ಇಲ್ಲಿಯೇ ಹುಟ್ಟಿ ಬೆಳೆದ ಚಿಕ್ಕ ವಯಸ್ಸಿನ ಕೌನ್ಸಿಲರ್, ಇನ್ನೊಬ್ಬಳು ವಸುಂಧರಾ. ಅವನು ರಸ್ತೆಯ ಗುಂಡಿ, ಗ್ರಂಥಾಲಯ, ಕೌನ್ಸಿಲ್ ಟ್ಯಾಕ್ಸ್ ಎಂದು ಮಾತಾಡಿ ಕೂತ. ಮರ್ಯಾದೆಗೆ ಒಂದಿಷ್ಟು ಚಪ್ಪಾಳೆ ಬಿತ್ತು.

ವಸುಂಧರಾ ಎದ್ದು ನಿಂತಳು. ಬಾಯಿ ತೆರೆದಳು. ದನಿ ಗಂಟೆ ಹೊಡೆದ ಹಾಗೆ ಬಂತು. ನಾನು ದೃಷ್ಟಿ ತೆಗೆದಿದ್ದು ಕೆಲಸ ಮಾಡಿತ್ತು, ಅದೂ ನನ್ನ ಹೊಟ್ಟೆ ಉರಿಸಿತು. ಕಂಪನಿಗಳ ಜೊತೆ ಜಗಳಾಡಿದ್ದು, ಆಕ್ಸಿಜನ್ ಯಂತ್ರದ ಮೇಲೆ ಬದುಕಿರುವ ರೋಗಿಗಳ ಮನೆಗೆ ಚಳಿಗಾಲದಲ್ಲಿ ಕರೆಂಟು ನಿಲ್ಲಿಸದಂತೆ ನಿಯಮ ತಂದದ್ದು, ಎಲ್ಲ ಹೇಳಿದಳು. ಈ ಕಾಳಜಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು ಎಂದಳು. ನಾನು ಮೈಸೂರು ಎಂಬ ಊರಿನಲ್ಲಿ ಚಿಕ್ಕ ವಯಸ್ಸಿನ ಎಂಜಿನಿಯರ್ ಆಗಿದ್ದೆ ಎಂದಳು. ಒಂದು ಸಂಜೆ ಒಂದು ಬಾಣಂತಿಯ ಮನೆಯಲ್ಲಿ ದೀಪ ಆರಿಹೋಗಿತ್ತು ಎಂದಳು.

ನನ್ನ ಕಿವಿ ಬಿಸಿಯಾಯಿತು. ವಠಾರ ಬಂತು. ಮೆಟ್ಟಿಲ ಕೆಳಗಿನ ಬೋರ್ಡು ಬಂತು. ಕೂಸಿನ ಅಳುವೂ ಬಂತು. "ಆ ಫ್ಯೂಸನ್ನು ನಾನು ನನ್ನ ಕೈಯಾರೆ ವಾಪಸು ಹಾಕಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಅವಳು ಕೈ ಎತ್ತಿ ತೋರಿಸಿದಳು. ಇಡೀ ಹಾಲು ಎದ್ದು ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು.

ರ‍್ಯಾಂಕು ನನ್ನದಾಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಲ್ಯಾಬ್ ರೆಕಾರ್ಡ್ ನನ್ನದಾಗಿತ್ತು, ಕೊಟ್ಟೆ. ಬೋರ್ಡು, ಟೀವಿ, ಸಿಲ್ಕ್ ಸೀರೆ ಎಲ್ಲ ಇಟ್ಟುಕೊಳ್ಳಲಿ. ಇದೊಂದನ್ನೂ ಬಿಡಬಾರದಾಗಿತ್ತೇ ಇವಳು? ಇಷ್ಟೆಲ್ಲ ಇದ್ದವಳಿಗೆ ನನ್ನ ಹಳೇ ಫ್ಯೂಸು ಯಾಕೆ ಬೇಕಾಗಿತ್ತು?

"ಬಿಡು," ಎಂದು ಅನಂತ ನನ್ನ ಮಣಿಕಟ್ಟು ಹಿಡಿದರು. ಪ್ರಶ್ನೆ ಕೇಳುವ ಸಮಯ ಬಂದಿತ್ತು. ನಾನು ಇನ್ನೊಂದು ಕೈ ಎತ್ತಿದೆ.

ಕೇಳಿದ್ದು ಸಣ್ಣ ಪ್ರಶ್ನೆ, ಟೀಚರ್ ದನಿಯಲ್ಲಿ ಕೇಳಿದೆ. ಆ ಫ್ಯೂಸು ವಾಪಸು ಹಾಕಿದ್ದಕ್ಕೆ ನಿಮ್ಮ ಆಫೀಸಿನವರು ನಿಮಗೇನು ಶಿಕ್ಷೆ ಕೊಟ್ಟರು?

ವಸುಂಧರಾ ನನ್ನನ್ನು ನೋಡಿದಳು. ಮೆಮೊ ಕೊಟ್ಟರು ಎಂದು ಹೇಳಿದ್ದರೆ ಮುಗಿಯುತ್ತಿತ್ತು, ಆ ಮೆಮೊದ ವಿಷಯ ನನ್ನಷ್ಟೇ ಚೆನ್ನಾಗಿ ಅವಳಿಗೂ ಗೊತ್ತು. ಹೇಳಲಿ, ಆಗ ನಾನು ಎದ್ದು ನಿಂತು ಎಲ್ಲವನ್ನೂ ಬಿಚ್ಚಿಡುತ್ತೇನೆ ಎಂದು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಅವಳು ಲೋಟದಿಂದ ಒಂದು ಗುಟುಕು ನೀರು ಕುಡಿದಳು.

"ನನಗೇನೂ ಮಾಡಲಿಲ್ಲ," ಎಂದಳು. "ಫ್ಯೂಸು ಹಾಕಿದವಳು ನಾನಲ್ಲ, ನನ್ನ ಗೆಳತಿ. ನಾನು ಕೆಳಗೆ ಟಾರ್ಚ್ ಹಿಡಿದು ನಿಂತಿದ್ದೆ. ಮೆಮೊ ಅವಳಿಗೆ ಬಂತು. ನಾನು ಹೆದರಿ ಬಾಯಿಮುಚ್ಚಿಕೊಂಡು ಇದ್ದುಬಿಟ್ಟೆ. ಅಲ್ಲಿ ಕೂತಿದ್ದಾಳೆ, ಈಗ ಪ್ರಶ್ನೆ ಕೇಳಿದಳಲ್ಲ, ಅವಳೇ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮುಂದಿನ ಸಾಲಿನಿಂದ ಕೌನ್ಸಿಲರ್ ಕಡೆಯವನೊಬ್ಬ, ಹಾಗಾದರೆ ಈಗ ತಾನೇ ಹೇಳಿದ್ದು ಸುಳ್ಳೇ ಎಂದು ಕೇಳಿದ. ಹೌದು ಎಂದಳು ವಸುಂಧರಾ. ನಾನು ಆ ಕ್ಷಣಕ್ಕಾಗಿ ಎಷ್ಟು ವರ್ಷದಿಂದ ಕಾದಿದ್ದೆನೋ. ಆದರೆ ಆ ಟಾರ್ಚ್ ಎನ್ನುವ ಮಾತು ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ಸ್ಟೂಲಿನ ಮೇಲೆ ಹತ್ತಿ ಒಂದು ಕೈಯಲ್ಲಿ ಬೋರ್ಡಿನ ಬಾಗಿಲು ಹಿಡಿದು ಇನ್ನೊಂದರಲ್ಲಿ ಫ್ಯೂಸು ಒತ್ತಬೇಕಾಗಿತ್ತು. ಕತ್ತಲಲ್ಲಿ ಅದನ್ನು ಯಾರೂ ಒಬ್ಬರೇ ಮಾಡಲಾರರು. ಯಾರೋ ಕೆಳಗಿನಿಂದ ಬೆಳಕು ಬಿಟ್ಟಿದ್ದರು, ಆ ಬೆಳಕು ನಡುಗುತ್ತಿತ್ತು, ನೆಟ್ಟಗೆ ಹಿಡಿಯೇ ಎಂದು ನಾನೇ ಗದರಿದ್ದೆ.

ವಸುಂಧರಾ ಸೋತಳು. ಸ್ವಲ್ಪದರಲ್ಲೇ ಸೋತಳು, ಆದರೆ ಸೋತಳು. ನನ್ನ ಓಟು ಯಾರಿಗೆ ಹಾಕಿದೆ ಎಂದು ಅನಂತರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಹೊರಗೆ ಬರುವಾಗ ಗುರುತಿಲ್ಲದ ಇಬ್ಬರು ಮುದುಕಿಯರು ನನ್ನ ಕೈ ಕುಲುಕಿ, ನೀವು ಧೈರ್ಯವಂತೆ ಎಂದರು. ಬಯಸಿದ್ದು ಸಿಕ್ಕಿತ್ತು. ಆದರೂ ಒಳಗೆ ಉರಿ ಆರಲಿಲ್ಲ. ಅಷ್ಟು ಜನರ ಎದುರು ಒಪ್ಪಿಕೊಂಡುಬಿಟ್ಟಳಲ್ಲ, ನಾನಾಗಿದ್ದರೆ ಒಪ್ಪಿಕೊಳ್ಳುತ್ತಿರಲಿಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ಗೆದ್ದೇ ಗೆಲ್ಲುತ್ತಾಳೆಂದು ಭಾಗೀರಥಮ್ಮ ಸಂಜೆ ನಮ್ಮನ್ನೂ ಊಟಕ್ಕೆ ಕರೆದು ಒಬ್ಬಟ್ಟು ಮಾಡಿಟ್ಟಿದ್ದರು. ನಾನು ಬರಲ್ಲ ಎಂದೆ. ಅನಂತ ಯಾವತ್ತೂ ದನಿ ಏರಿಸದವರು ಕಾರು ನಿಲ್ಲಿಸಿದರು. "ಇವತ್ತು ಹೋಗ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ಹೋಗಕ್ಕಾಗಲ್ಲ. ಯೋಚನೆ ಮಾಡು," ಎಂದರು. ಹೋದೆವು.

ವಸುಂಧರಾ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಉಳುಕಿದ ಕಾಲನ್ನು ಒತ್ತಿಕೊಳ್ಳುತ್ತಿದ್ದಳು. ಅತ್ತಿದ್ದಳು, ಮುಖದಲ್ಲಿ ಗೊತ್ತಾಗುತ್ತಿತ್ತು. ರಾಜೀನಾಮೆ ಕೊಟ್ಟ ಕೆಲಸವಿಲ್ಲ, ಕೇಳಿದ ಟಿಕೆಟ್ಟಿಲ್ಲ. ನಾನು ಬಾಗಿಲಲ್ಲೇ ನಿಂತೆ.

"ಯಾಕೇ ಹಾಗೆ ಹೇಳ್ದೆ?" ಎಂದೆ ಕೊನೆಗೆ. "ನನ್ನ ಕಥೆ ಅಂತ ಗೊತ್ತಿತ್ತಲ್ಲ ನಿಂಗೆ."

"ಗೊತ್ತಿತ್ತು. ನೀನು ಆ ಕಥೆ ಹೇಳ್ದಾಗೆಲ್ಲ, ಈಗ ಟಾರ್ಚ್ ಬರತ್ತೆ, ಈಗ ಬರತ್ತೆ ಅಂತ ಕಾಯ್ತಿದ್ದೆ ಕಣೇ. ಎಷ್ಟು ಹಬ್ಬ ಆಯ್ತು. ಒಂದ್ಸಲಾನೂ ಬರ್ಲಿಲ್ಲ. ಮೆಮೊ ಬಂದಾಗ ಸುಮ್ನಿದ್ದೆ, ಅದು ನಂದೇ ತಪ್ಪು. ಆದ್ರೆ ಆ ಮನೆಗೆ ನಾನೂ ಬಂದಿದ್ದೆ ರಾಜಿ. ಎಲ್ರೂ ನಿನ್ನನ್ನ ನೋಡಿ ಆಹಾ ಅನ್ನೋರು, ನಂಗೆ ಉರೀತಿತ್ತು."

ಉರಿಯುತ್ತಿತ್ತಂತೆ. ಅವಳಿಗೆ, ನನ್ನನ್ನು ನೋಡಿ! ನನಗೆ ಅಳು ಬಂತು, ಅದರ ಜೊತೆಗೇ ನಾಚಿಕೆಯಿಲ್ಲದೆ ಒಂಚೂರು ಸಂತೋಷವೂ ಬಂತು.

ಅಷ್ಟರಲ್ಲಿ ಭಾಗೀರಥಮ್ಮ ಮೆಣಸಿನಕಾಯಿ ಡಬ್ಬ ತಂದು ಮೇಜಿನ ಮೇಲಿಟ್ಟರು. "ಬಾ ಇಲ್ಲಿ. ಬೆಳಿಗ್ಗೆ ಪೂರ್ತಿ ಹೋಗ್ಲಿಲ್ಲ, ಇನ್ನೊಂದ್ಸಲ ತೆಗಿ. ಆಗ ಒಂದು ಕಣ್ಣು ಬಿಟ್ಟೆ ನೀನು."

ನನ್ನ ಮುಖ ಕೆಂಪಾಯಿತು. "ಗೊತ್ತಿದ್ದೂ ನನ್ನನ್ನೇ ಯಾಕಮ್ಮ ಕರೆದ್ರಿ?"

"ಗೊತ್ತಿದ್ದಕ್ಕೇ ಕರೆದೆ. ನಮ್ಮತ್ತೆ ಹಾಗೇ ಮಾಡೋರು, ಯಾರ ಕಣ್ಣು ಅಂತ ಅನುಮಾನ ಬರತ್ತೋ ಅವರನ್ನೇ ಕರೆಸಿ ಅವರ ಕೈಯಿಂದ ತೆಗೆಸೋರು. ನಿನ್ನ ಮೇಲೆ ನಂಗೇನು ಕೋಪ ಇಲ್ಲಮ್ಮ. ಕಣ್ಣು ಇದ್ದವರೆಲ್ಲ ಹಾಕ್ತಾರೆ. ತೆಗಿ."

ಹಿತ್ತಲಿನ ಕೆಂಡ ನೆನೆದುಹೋಗಿತ್ತು. ಭಾಗೀರಥಮ್ಮ ಇಂಡಕ್ಷನ್ ಒಲೆಯ ಮೇಲೆ ಕಬ್ಬಿಣದ ಕಾವಲಿ ಇಟ್ಟು ಕಾಯಿಸಿದರು. ವಸುಂಧರಾ ಎದ್ದು ನನ್ನೆದುರು ನಿಂತಳು. ನಾನು ಮುಷ್ಟಿ ಕಟ್ಟಿ ಇಳಿ ತೆಗೆದೆ. ಬಂದವರ ಕಣ್ಣು, ಹೋದವರ ಕಣ್ಣು, ಬೀದಿಯವರ ಕಣ್ಣು, ನೆಂಟರ ಕಣ್ಣು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಗೆಳತಿ ಕಣ್ಣು," ಎಂದೆ. "ಎಲ್ಲಾ ಸುಟ್ಟುಹೋಗ್ಲಿ."

ಕಾವಲಿಗೆ ಹಾಕಿದ್ದೇ ತಡ, ಘಾಟು ಎದ್ದು ಮನೆಯೆಲ್ಲ ತುಂಬಿತು. ಉಮೇಶ ಕೆಮ್ಮಿದ, ಅನಂತ ಕೆಮ್ಮಿದರು, ಹೊಗೆಯ ಅಲಾರಂ ಕಿರುಚಿಕೊಂಡಿತು. ಗಂಡಸರಿಬ್ಬರೂ ಕಿಟಕಿ ತೆರೆಯಲು ಓಡಿದರು, ನಾನೂ ವಸುಂಧರಾಳೂ ಒಬ್ಬರ ಹೆಗಲಿಗೆ ಒಬ್ಬರು ತಲೆಯಿಟ್ಟು ಕೆಮ್ಮುತ್ತಾ ಅಳುತ್ತಾ ನಕ್ಕೆವು. ಹೊಟ್ಟೆ ತಣ್ಣಗಾಗಿತ್ತು. ಅಷ್ಟು ಹಗುರವಾಗಿ ನಾನು ಈ ದೇಶಕ್ಕೆ ಬಂದ ಮೇಲೆ ನಕ್ಕಿದ್ದು ನೆನಪಿಲ್ಲ.

ಆಗ ಅವಳ ಫೋನ್ ಬಡಿದುಕೊಂಡಿತು. ಕಣ್ಣೊರೆಸಿಕೊಂಡು, ಒಂದು ಕಿವಿ ಮುಚ್ಚಿಕೊಂಡು ಮಾತಾಡಿದಳು. ಎಸ್, ಎಸ್, ಆಫ್ ಕೋರ್ಸ್ ಎಂದಳು. ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಪಾರ್ಟಿ ಆಫೀಸಿಂದ. ಶೆಫೀಲ್ಡ್ ಕಡೆ ಒಂದು ಸೀಟಿದ್ಯಂತೆ, ನಿಲ್ಬೇಕಾಗಿದ್ದೋರು ಹಿಂದಕ್ಕೆ ಸರಿದ್ರಂತೆ. ಇವತ್ತು ನಾನು ಅಷ್ಟು ಜನರ ಮುಂದೆ ನಿಜ ಒಪ್ಕೊಂಡಿದ್ದು ಅವರಿಗೆ ಬಹಳ ಹಿಡಿಸ್ತಂತೆ. ಅಲ್ಲಿಗೆ ಬಂದು ಮಾತಾಡ್ತೀರಾ ಅಂತ ಕೇಳಿದ್ರು." ಅವಳ ಅತ್ತ ಕಣ್ಣುಗಳು ಹೊಳೆಯುತ್ತಿದ್ದವು. "ಅದು ಇಲ್ಲಿಗಿಂತ ಗೆಲ್ಲೋ ಸೀಟು ಕಣೇ ರಾಜಿ!"

"ಅಯ್ಯೋ, ತುಂಬಾ ಸಂತೋಷ," ಎಂದೆ. ಪ್ರಶ್ನೆ ಕೇಳಿದವಳು ನಾನು. ನಾನು ಕೇಳದಿದ್ದರೆ ಅವಳು ಒಪ್ಪಿಕೊಳ್ಳುವುದು ಎಲ್ಲಿಂದ ಬಂತು? ಹೊಟ್ಟೆಯ ಒಳಗೆ ಎಲ್ಲೋ ಆರಿದ್ದು ಮತ್ತೆ ಚುರುಕ್ ಎಂದಿತು.

ಭಾಗೀರಥಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಚ್ಚಲು ಹೊರಟಿದ್ದ ಡಬ್ಬವನ್ನು ಮತ್ತೆ ತೆಗೆದು, ಇನ್ನೆರಡು ಮೆಣಸಿನಕಾಯಿ ಆರಿಸಿ ನನ್ನ ಅಂಗೈಗೆ ಹಾಕಿದರು.